ಗ್ಲೋಬಲ್ ಹೆಲ್ತ್ ಓದಾಕ ಸೀದಾ ಲಂಡನ್ನಿಗೋ, ಮೊದ್ಲ ಹಾವೇರಿಗೋ

ಬಿಎಎಂಎಸ್ ಮುಗಿಸಿದವ್ರು, ಬಿಡಿಎಸ್ ಆಗಿ ಸ್ವಂತ ಕ್ಲಿನಿಕ್ ಹಾಕಾಕ ರೊಕ್ಕ ಸಾಲದವ್ರು, ನೀಟ್ ಪಿಜಿ ಬರ್ದು ಬರ್ದು ಸಾಕಾದ ಎಂಬಿಬಿಎಸ್ ಹುಡುಗ್ರು, ಬಿಎಸ್ಸಿ ನರ್ಸಿಂಗ್ ಮಾಡಿದವ್ರು, ಎಂಎಸ್‌ಡಬ್ಲ್ಯೂ ಮುಗಿಸಿ ಯಾವುದರ ಎನ್‌ಜಿಒ ಪ್ರಾಜೆಕ್ಟಿನ್ಯಾಗ ಇದ್ದವ್ರು, ಹುಬ್ಬಳ್ಳಿ-ಧಾರವಾಡದಾಗ ಇವ್ರ ಪೈಕಿ ಯಾರನ್ನ ಮಾತಾಡ್ಸಿದ್ರೂ ಈಗೀಗ ಒಂದು ಕೋರ್ಸಿನ ಹೆಸರು ಬಂದ ಬರ್ತೈತಿ, ಎಂಎಸ್ಸಿ ಗ್ಲೋಬಲ್ ಹೆಲ್ತ್, ಅಂದ್ರ ಜಗತ್ತಿನ ಬ್ಯಾರೆ ಬ್ಯಾರೆ ದೇಶದ ಮಂದಿ ಆರೋಗ್ಯದ ಬಗ್ಗೆ ಓದೋ ಮಾಸ್ಟರ್ಸ್. ಹೊರದೇಶದ ಅಡ್ಮಿಷನ್ ಮಾಡಿಸಿಕೊಡೋ ಏಜೆಂಟರು ಇದನ್ನ ಮಾರೋ ರೀತಿನೂ ಹೆಚ್ಚುಕಮ್ಮಿ ಒಂದ: ಒಂದ ವರ್ಷದ ಕೋರ್ಸ್ ರೀ, ಎಂಟ್ರೆನ್ಸ್ ಇಲ್ಲ, ಐಇಎಲ್‌ಟಿಎಸ್ ಅನ್ನೋ ಇಂಗ್ಲಿಷ್ ಪರೀಕ್ಷೆ ಸ್ಕೋರ್ ಒಂದಿದ್ರ ಆತು, ಮುಗದ ಮ್ಯಾಲೆ ಡಬ್ಲ್ಯೂಎಚ್‌ಒ, ಯುನಿಸೆಫ್, ಎಲ್ಲಾ ಕಡೆ ಓಪನಿಂಗ್ ಅದಾವ. ಸಾಲ ಕೊಡೋ ಬ್ಯಾಂಕಿನ ಹೆಸರೂ ಅವ್ರ ಹೇಳ್ತಾರ.

ಆರೋಗ್ಯ ಸರ್ವೆಗಳ ಡೇಟಾ ಕೆಲಸದಾಗ ಇರೋನು ನಾನು, ಹಿಂಗಾಗಿ ಕೇಳಾಕ ಬರೋರು ಭಾಳ ಮಂದಿ. ನನ್ನ ಅಭಿಪ್ರಾಯ ಮೊದ್ಲ ಹೇಳಿಬಿಡ್ತೇನಿ: ಕೋರ್ಸ್ ಛಲೋ ಐತಿ, ಖರೇನ ಛಲೋ ಐತಿ, ಆದ್ರ ನಮ್ಮ ಹುಡುಗ್ರು ಅದನ್ನ ಉಲ್ಟಾ ಕ್ರಮದಾಗ ಮಾಡಾಕತ್ತಾರ. ಮೊದ್ಲ ಸಾಲ, ಆಮ್ಯಾಲೆ ಡಿಗ್ರಿ, ಆಮ್ಯಾಲೆ ಫೀಲ್ಡು, ಕಡೀಕ ನನಗ ಯಾವ ಪ್ರಶ್ನೆ ಮ್ಯಾಲೆ ಕೆಲಸ ಮಾಡಬೇಕಾಗಿತ್ತು ಅನ್ನೋ ವಿಚಾರ. ಇದು ತಿರುಗಾಮುರುಗಾ ಆಗಬೇಕು, ಅದೂ 2025ರ ನಂತರ ಅಂತೂ ಆಗಲೇಬೇಕು. ಯಾಕಂತ ಸ್ವಲ್ಪ ಉದ್ದಕ ಹೇಳಬೇಕಾಗ್ತೈತಿ.

ಈ ವಿಷಯ ಹುಟ್ಟಿದ್ದ ಸಾಮ್ರಾಜ್ಯದ ಹೊಟ್ಯಾಗ. 1898ರಾಗ ಲಿವರ್‌ಪೂಲ್, 1899ರಾಗ ಲಂಡನ್, ಎರಡೂ ಕಡೆ ಟ್ರಾಪಿಕಲ್ ಮೆಡಿಸಿನ್ ಸ್ಕೂಲ್ ಶುರು ಆದ್ವು, ಉದ್ದೇಶ ಏನಂದ್ರ ಬಿಸಿಲ ದೇಶಗಳಿಗೆ ಹೋಗೋ ಬ್ರಿಟಿಷ್ ಸೈನಿಕರು, ವ್ಯಾಪಾರಿಗಳು, ಆಫೀಸರ್‌ಗಳು ಮಲೇರಿಯಾ ಬಂದು ಸಾಯಬಾರ್ದು ಅಂತ. (ಸೊಳ್ಳಿ ಹೊಟ್ಯಾಗ ಮಲೇರಿಯಾ ಪರಾವಲಂಬಿ ಕಂಡುಹಿಡಿದ ರೊನಾಲ್ಡ್ ರಾಸ್ ಆ ಕೆಲಸ ಮಾಡಿದ್ದು 1897ರಾಗ ಸಿಕಂದರಾಬಾದಿನ್ಯಾಗ, ಆಮ್ಯಾಲೆ ಪಾಠ ಹೇಳಿದ್ದು ಲಿವರ್‌ಪೂಲಿನ್ಯಾಗ.) 1948ರಾಗ ಡಬ್ಲ್ಯೂಎಚ್‌ಒ ಬಂತು, 1978ರಾಗ ಆಗಿನ ಸೋವಿಯತ್ ಒಕ್ಕೂಟದ ಅಲ್ಮಾ ಆಟಾ ಊರಾಗ ಎಲ್ಲಾರಿಗೂ ಪ್ರಾಥಮಿಕ ಆರೋಗ್ಯ ಅಂತ ಘೋಷಣೆ ಆತು. ಆದ್ರ ಈಗ ನಾವು ನೋಡೋ ರೂಪದ ಗ್ಲೋಬಲ್ ಹೆಲ್ತ್, ಅಂದ್ರ ನೂರಾರು ಯೂನಿವರ್ಸಿಟಿಗಳಾಗ ಮಾಸ್ಟರ್ಸ್ ಕೋರ್ಸ್ ಆಗಿ ಬಂದದ್ದು 2000ದ ನಂತರ. ಬಿಲ್ ಗೇಟ್ಸ್ ಅವ್ರ ಗೇಟ್ಸ್ ಫೌಂಡೇಶನ್ 2000, ಏಡ್ಸ್-ಟಿಬಿ-ಮಲೇರಿಯಾಕ್ಕ ರೊಕ್ಕ ಕೊಡೋ ಗ್ಲೋಬಲ್ ಫಂಡ್ 2002, ಅಮೆರಿಕದ ಏಡ್ಸ್ ಕಾರ್ಯಕ್ರಮ ಪೆಪ್‌ಫಾರ್ 2003, ಹಿಂಗ ಒಂದರ ಹಿಂದ ಒಂದು ದೊಡ್ಡ ರೊಕ್ಕ ಬಂತು, ರೊಕ್ಕ ಬಂದಲ್ಲಿ ಪ್ರಾಜೆಕ್ಟ್, ಪ್ರಾಜೆಕ್ಟ್ ಇದ್ದಲ್ಲಿ ಮ್ಯಾನೇಜರ್, ಮ್ಯಾನೇಜರ್ ಬೇಕಂದ್ರ ಡಿಗ್ರಿ. ಕೋರ್ಸು ರೊಕ್ಕದ ಬೆನ್ನು ಹತ್ತಿ ಬೆಳದೈತಿ ಅನ್ನೋದನ್ನ ನೆನಪಿಟ್ಕೋರಿ, ಮುಂದ ಬೇಕಾಗ್ತೈತಿ.

ಇನ್ನ ಒಳಗ ಏನ್ ಕಲಸ್ತಾರ? ಸಿಲಬಸ್ ತಗದು ನೋಡಿದ್ರ ಎಪಿಡೆಮಿಯಾಲಜಿ (ರೋಗ ಯಾರಿಗೆ, ಎಲ್ಲಿ, ಯಾಕ ಬರ್ತೈತಿ ಅನ್ನೋ ಶಾಸ್ತ್ರ), ಬಯೋಸ್ಟ್ಯಾಟಿಸ್ಟಿಕ್ಸ್ (ಆರೋಗ್ಯದ ಅಂಕಿಸಂಖ್ಯೆ), ಹೆಲ್ತ್ ಇಕನಾಮಿಕ್ಸ್, ಹೆಲ್ತ್ ಪಾಲಿಸಿ, ಮಂದಿ ಜೋಡಿ ಕುಂತು ಮಾತಾಡಿ ಮಾಹಿತಿ ತಗಿಯೋ ಕ್ವಾಲಿಟೇಟಿವ್ ಮೆಥಡ್ಸು, ಕಡೀಕ ಒಂದು ಡಿಸರ್ಟೇಶನ್, ಅಂದ್ರ ಸ್ವಂತ ಸಂಶೋಧನಾ ಪ್ರಬಂಧ. ಹಿಂಗ ಹೆಸರು ಹೇಳಿದ್ರ ಏನೂ ತಿಳಿಯೂದಿಲ್ಲ, ಅದಕ್ಕ ನಮ್ಮೂರಿನ ನಳದ ನೀರಿನ ಕಥಿ ಹೇಳ್ತೇನಿ.

ಹುಬ್ಬಳ್ಳಿ-ಧಾರವಾಡದಾಗ ನೀರು ಬಿಡೂದು ದಿನಾ ಅಲ್ಲ ಅನ್ನೋದು ಹೊರಗಿನವ್ರಿಗೂ ಗೊತ್ತು. ಮೂರ-ನಾಕ ದಿವಸಕ್ಕೊಮ್ಮೆ, ಬ್ಯಾಸಿಗ್ಯಾಗ ಇನ್ನೂ ಹೆಚ್ಚು ದಿವಸಕ್ಕ ನೀರು, ವಾಲ್‌ಮನ್ ಫೋನ್ ಎತ್ತಿದ್ರ ಪುಣ್ಯ, ನೀರು ಬಂದ ರಾತ್ರಿ ಓಣಿಗೆ ಓಣಿನ ಎದ್ದು ಬ್ಯಾರಲ್, ಸಿಂಟೆಕ್ಸ್, ಕೊಡ, ಬಕೀಟು ಎಲ್ಲಾ ತುಂಬಿಸೂದು. ವರ್ಲ್ಡ್ ಬ್ಯಾಂಕ್ ಸಾಲದ ಪ್ರಾಜೆಕ್ಟಿನ್ಯಾಗ ಊರಿನ ಸುಮಾರು ಹತ್ತರಾಗ ಒಂದು ಪಾಲು ಮಂದಿಗೆ, 2008ರ ಸುಮಾರಿಗೆ, 24 ತಾಸು ನೀರು ಬರಾಕ ಶುರು ಆತು. ಪಕ್ಕದ ವಾರ್ಡಿಗೆ ಮೊದ್ಲಿನಂಗ. ಒಂದ ಊರು, ಒಂದ ನದಿ ನೀರು, ಒಂದ ರೀತಿ ಮಂದಿ, ಆದ್ರ ನಳ ಬ್ಯಾರೆ. ಎಪಿಡೆಮಿಯಾಲಜಿ ಓದಿದವ್ರಿಗೆ ಇಂಥಾ ಸಂದರ್ಭ ಸಿಕ್ರ ಹಬ್ಬ. ಕ್ಯಾಲಿಫೋರ್ನಿಯಾದ ಬರ್ಕ್ಲಿ ಯೂನಿವರ್ಸಿಟಿ ತಂಡ ಬಂದು ಮೊದ್ಲ ನಳದ ನೀರು ಟೆಸ್ಟ್ ಮಾಡ್ತು: ಬಿಟ್ಟು ಬಿಟ್ಟು ಬರೋ ನಳದ ಸ್ಯಾಂಪಲ್‌ಗಳಾಗ 31.7% ಕಡೆ ಇ-ಕೋಲಿ (ಮಲದಿಂದ ಬರೋ ಬ್ಯಾಕ್ಟೀರಿಯಾ) ಸಿಕ್ತು, 24 ತಾಸು ಬರೋ ನಳದಾಗ ಬರೇ 0.7%. ಕಾರಣ ಸರಳ ಐತಿ, ಪೈಪಿನ್ಯಾಗ ನೀರಿನ ಒತ್ತಡ ಇಲ್ಲದ ದಿವಸ ಪೈಪ್ ಸೀಳಿದ ಜಾಗಾದಾಗ ಗಟಾರದ ನೀರು, ಮಣ್ಣಿನ ಹಸಿ ಒಳಗ ಇಳೀತೈತಿ, ಮುಂದ ನೀರು ಬಿಟ್ಟಾಗ ಅದ ಮೊದ್ಲ ನಿಮ್ಮ ಕೊಡಕ್ಕ ಬರ್ತೈತಿ. ಹಿರೇರು ಮೊದ್ಲ ಬಂದ ನೀರು ಅಂಗಳಕ್ಕ ಹೊಡಿ ಅಂತಿದ್ದದ್ದು ಸುಮ್ನ ಅಲ್ಲ.

ಇಲ್ಲಿಗೆ ನಿಲ್ಲಿಸಿದ್ರ ಎಲ್ಲಾರೂ ಏನಂತಾರ? ನೀರು ಸ್ವಚ್ಛ ಆತು, ಹಂಗಾದ್ರ ಹುಡುಗ್ರ ಭೇದಿ ಕಮ್ಮಿ ಆಗಿರಬೇಕು. ಅದನ್ನ ನೋಡಾಕ ಅದ ತಂಡ 2010ರಿಂದ 2012ರ ತನಕ ಎರಡೂ ತರದ ವಾರ್ಡುಗಳ ಸುಮಾರು 3,900 ಮನಿಗಳಿಗೆ, ಐದು ವರ್ಷದ ಕೆಳಗಿನ ಕೂಸು ಇದ್ದ ಮನಿಗಳಿಗೆ, ಮತ್ತ ಮತ್ತ ಹೋಗಿ ಕೇಳ್ತು. 2015ರಾಗ ಪಿಎಲ್‌ಒಎಸ್ ಮೆಡಿಸಿನ್ ಅನ್ನೋ ಜರ್ನಲ್‌ನ್ಯಾಗ ಬಂದ ಉತ್ತರ ಯಾರೂ ಎಣಿಸಿದ್ದಲ್ಲ: ಒಟ್ಟಾರೆ ಭೇದಿ ಕಮ್ಮಿ ಆಗಿರಲಿಲ್ಲ, ಕೂಸುಗಳ ತೂಕದಾಗೂ ಫರಕ್ ಇರಲಿಲ್ಲ. ಆದ್ರ ಬಡ ಮನಿಗಳ ಕೂಸುಗಳಿಗೆ ರಕ್ತಭೇದಿ ಕಮ್ಮಿ ಇತ್ತು, ಟೈಫಾಯ್ಡ್ ಬಂದ ಮನಿಗಳೂ ಕಮ್ಮಿ ಇದ್ವು. ಅಂದ್ರ ಸಾದಾ ಭೇದಿ ಬರೇ ನಳದಿಂದ ಬರೂದಿಲ್ಲ, ಕೈ, ತಿನಿಸು, ಬಾಗಿಲ ಮುಂದಿನ ತೆರೆದ ಗಟಾರ, ಹತ್ತು ದಾರಿ ಅದಾವ ಅದಕ್ಕ. ಟೈಫಾಯ್ಡ್ ಕಥಿ ಬ್ಯಾರೆ. ಇನ್ನೊಂದು ಪೇಚು ಐತಿ: 24 ತಾಸು ನೀರು ಯಾವ ವಾರ್ಡಿಗೆ ಅಂತ ಚೀಟಿ ಎತ್ತಿ ಆರಿಸಿದ್ದಲ್ಲ, ಪ್ರಾಜೆಕ್ಟ್ ಮಾಡಿದವ್ರು ತಮಗ ಅನುಕೂಲ ಇದ್ದ ಜಾಗಾ ಆರಿಸಿದ್ದು, ಹಂಗಾದ್ರ ಆ ವಾರ್ಡಿನ ಮಂದಿ ಮೊದ್ಲ ಸ್ವಲ್ಪ ಅನುಕೂಲಸ್ಥರೇನೋ, ರೋಗ ಕಮ್ಮಿ ಆಗಿದ್ದು ನೀರಿನಿಂದೋ ಅವ್ರ ಅನುಕೂಲದಿಂದೋ? ಈ ಗೊಂದಲಕ್ಕ ಕನ್‌ಫೌಂಡಿಂಗ್ ಅಂತಾರ. ಅದನ್ನ ತಪ್ಪಿಸಾಕ ಅವ್ರು ಹೋಲಿಕೆ ಇದ್ದ ವಾರ್ಡುಗಳನ್ನ ಜೋಡಿ ಹಚ್ಚಿ ನೋಡಿದ್ರು. ಮಾಸ್ಟರ್ಸಿನ ಮೊದ್ಲ ಟರ್ಮ್ ಅಂದ್ರ ಇಷ್ಟ ನೋಡ್ರಿ, ಈ ಅನುಮಾನ ಪಡೂದನ್ನ ಕ್ರಮಬದ್ಧ ಕಲಿಯೂದು. ಒಮ್ಮೆ ಕಲತ್ರ ಪೇಪರಿನ್ಯಾಗ ಬರೋ ಪ್ರತಿಯೊಂದು ಆರೋಗ್ಯದ ಸುದ್ದಿ ಓದೋ ರೀತಿನ ಬದಲಾಗ್ತೈತಿ.

ಈ ಸ್ಟಡಿ ಪರದೇಶದ ಜರ್ನಲ್‌ನ್ಯಾಗ ಬಂದೈತಿ, ನಮ್ಮೂರಾಗ ನೀರು ತುಂಬೋ ಮಂದಿಗೆ ಇಂಥದ್ದೊಂದು ಆಗೇತಿ ಅಂತನ ಗೊತ್ತಿಲ್ಲ. ಆ ಮಾತಿಗೆ ಆಮ್ಯಾಲೆ ಬರ್ತೇನಿ.

ಬೆಳಗಾವಿ ಕಡೆ ಇನ್ನೊಂದು ಐತಿ, ಇದರ ಪರಿಣಾಮ ಇನ್ನೂ ದೊಡ್ಡದು. ಹೆರಿಗಿ ಆದ ಮ್ಯಾಲೆ ರಕ್ತಸ್ರಾವ ಆಗಿ ತಾಯಿ ಸಾಯೂದನ್ನ ತಡಿಯೋ ಇಂಜೆಕ್ಷನ್ ಮೊದಲಿಂದ ಇತ್ತು, ಆದ್ರ ಅದಕ್ಕ ಫ್ರಿಜ್ ಬೇಕು, ಸೂಜಿ ಹಾಕೋರು ಬೇಕು, ಹಳ್ಳ್ಯಾಗ ಮನಿಯೊಳಗ ಹೆರಿಗಿ ಆಗೋವಾಗ ಇವೆರಡೂ ಎಲ್ಲಿಂದ ಬರಬೇಕು. ಮಿಸೋಪ್ರೋಸ್ಟಾಲ್ ಅನ್ನೋ ಗುಳಿಗಿಗೆ ಫ್ರಿಜ್ ಬ್ಯಾಡ. 2002ರಿಂದ 2005ರ ತನಕ ಬೆಳಗಾವಿ ಜಿಲ್ಲಾದ ಹಳ್ಳಿಗಳಾಗ 1,620 ಹೆಣ್ಮಕ್ಕಳ ಮ್ಯಾಲೆ ಟ್ರಯಲ್ ಆತು, ಗುಳಿಗಿ ಕೊಟ್ಟವ್ರು ಡಾಕ್ಟರ್ ಅಲ್ಲ, ಹಳ್ಳಿ ನರ್ಸ್ ಅಂದ್ರ ಎಎನ್‌ಎಂ ಅಕ್ಕಗೋಳು. ಔಷಧಿ ಇಲ್ಲದ ಸುಳ್ಳ ಗುಳಿಗಿ ತೊಗೊಂಡವ್ರಾಗ ಅತಿ ರಕ್ತಸ್ರಾವ 12% ಇತ್ತು, ಖರೇ ಗುಳಿಗಿ ತೊಗೊಂಡವ್ರಾಗ 6.4%. 18 ಮಂದಿಗೆ ಗುಳಿಗಿ ಕೊಟ್ರ ಒಬ್ಬಾಕಿಗೆ ರಕ್ತಸ್ರಾವ ತಪ್ಪತೈತಿ ಅಂತ ಲೆಕ್ಕ ಬಂತು. 2006ರಾಗ ಲ್ಯಾನ್ಸೆಟ್ ಅನ್ನೋ ಮೆಡಿಕಲ್ ಜರ್ನಲ್‌ನ್ಯಾಗ ಪ್ರಕಟ ಆತು, 2011ರಾಗ ಡಬ್ಲ್ಯೂಎಚ್‌ಒ ಆ ಗುಳಿಗಿಯನ್ನ ಈ ಕೆಲಸಕ್ಕ ಅತ್ಯಗತ್ಯ ಔಷಧಿಗಳ ಪಟ್ಟಿಗೆ ಸೇರಿಸ್ತು. ಆ ಪೇಪರಿನ ಮೊದಲ ಹೆಸರು ಅಮೆರಿಕದ ಡಾ. ರಿಚರ್ಡ್ ಡರ್ಮನ್ ಅವ್ರದ್ದು, ಬೆಳಗಾವಿ ಜವಾಹರಲಾಲ್ ನೆಹರೂ ಮೆಡಿಕಲ್ ಕಾಲೇಜಿನ ಡಾಕ್ಟರ್‌ಗಳ ಹೆಸರು ಆಮ್ಯಾಲೆ ಬರ್ತಾವ. ಇದರ ಬಗ್ಗೆ ತಕರಾರೂ ಆದ್ವು, ಅರ್ಧ ಮಂದಿಗೆ ಬರೇ ಸುಳ್ಳ ಗುಳಿಗಿ ಕೊಟ್ಟದ್ದು ಸರೀನ ಅಂತ. ಈ ತಕರಾರಿನ ಚರ್ಚೆ ಮಾಡೂದು ಎಥಿಕ್ಸ್ ಮಾಡ್ಯೂಲಿನ ಕೆಲಸ, ಲಂಡನ್ನಿನ ಕ್ಲಾಸಿನ್ಯಾಗ ಕುಂತು ಇದನ್ನ ವಾದಿಸೋ ಹುಡುಗ ಬೈಲಹೊಂಗಲದ ಒಂದು ಸಬ್‌ಸೆಂಟರ್ ಒಳಗ ಹೊಕ್ಕು ನೋಡಿದವನಾದ್ರ ಅವನ ವಾದದ ತೂಕನ ಬ್ಯಾರೆ ಇರ್ತೈತಿ.

ಮೂರನೇದು ಹಾವೇರಿ ಕಡೆ. ಗೋವಿನಜೋಳ, ಮೆಣಸಿನಕಾಯಿ ಹೊಲಕ್ಕ ನೀರು ಹಾಯಿಸಾಕ ಥ್ರೀ ಫೇಸ್ ಕರೆಂಟು ಬರೂದು ಎಷ್ಟೋ ಸಲ ರಾತ್ರಿ. ಚಪ್ಪಲಿ ಹಾಕ್ಕೊಂಡ್ರ ಕೆಸರಾಗ ಕೀಳಾಕ ಬರೂದಿಲ್ಲ ಅಂತ ಬರಿಗಾಲಾಗ, ಒಂದು ಕೈಯಾಗ ಸಲಿಕಿ ಇನ್ನೊಂದು ಕೈಯಾಗ ಮೊಬೈಲ್ ಟಾರ್ಚು, ಮಡಿ ತಿರುವಾಕ ಹೋದಾಗ ಹಾವು ಕಡಿಯೂದು. ಮನಿಯವ್ರು ಮೊದ್ಲ ಮಂತ್ರ ಹಾಕೋರ ಕಡೆ, ಆಮ್ಯಾಲೆ ಪಿಎಚ್‌ಸಿ (ಪ್ರಾಥಮಿಕ ಆರೋಗ್ಯ ಕೇಂದ್ರ), ಅಲ್ಲಿ ವಿಷ ಇಳಿಸೋ ಇಂಜೆಕ್ಷನ್ ಬಾಟ್ಲಿ ಇದ್ರೂ ರಿಯಾಕ್ಷನ್ ಆದ್ರ ಅಂತ ಅಂಜಿ ಮುಂದಕ ಕಳಿಸ್ತಾರ, ಆಂಬುಲೆನ್ಸು ಹುಬ್ಬಳ್ಳಿ ಮುಟ್ಟೋದ್ರಾಗ ಮಂಡಲಹಾವಿನ ವಿಷ ಕಿಡ್ನಿ ಮುಟ್ಟಿರ್ತೈತಿ. ಇದನ್ನ ನಾವು ಹಣೇಬರಹ ಅಂತಿದ್ವಿ. ದೇಶದ ತುಂಬ ಮನಿಮನಿಗೆ ಹೋಗಿ ಸಾವಿನ ಕಾರಣ ಕೇಳಿ ಮಾಡಿದ ಮಿಲಿಯನ್ ಡೆತ್ ಸ್ಟಡಿ ಲೆಕ್ಕದ ಪ್ರಕಾರ 2000ದಿಂದ 2019ರ ತನಕ ಭಾರತದಾಗ ಹಾವು ಕಡದು ಸತ್ತವ್ರು ಸುಮಾರು 12 ಲಕ್ಷ, ವರ್ಷಕ್ಕ ಸರಾಸರಿ 58,000. 2017ರಾಗ ಡಬ್ಲ್ಯೂಎಚ್‌ಒ ಹಾವು ಕಡಿತವನ್ನ ಅಲಕ್ಷ್ಯಕ್ಕೊಳಗಾದ ಉಷ್ಣವಲಯದ ರೋಗಗಳ ಪಟ್ಟಿಗೆ ಹಾಕ್ತು, 2030ರೊಳಗ ಸಾವು ಅರ್ಧಕ್ಕ ಇಳಿಸೂದು ಅಂತ ಗುರಿ ಇಟ್ತು. ಕರ್ನಾಟಕ 2024ರ ಫೆಬ್ರವರ್ಯಾಗ ಹಾವು ಕಡಿತವನ್ನ ಕಡ್ಡಾಯವಾಗಿ ವರದಿ ಮಾಡೋ ಕೇಸು ಅಂತ ಮಾಡ್ತು, ಅಂದ್ರ ಖಾಸಗಿ ದವಾಖಾನಿನೂ ಲೆಕ್ಕ ಕೊಡಬೇಕು. ಸಾವು ಮೊದಲಿನಿಂದ ಇದ್ವು, ಲೆಕ್ಕ ಇರಲಿಲ್ಲ, ಲೆಕ್ಕ ಬಂದ ಮ್ಯಾಲೆ ಡಬ್ಲ್ಯೂಎಚ್‌ಒ ಇರೋ ಜಿನೀವಾದ ಪಟ್ಟಿ, ಪಟ್ಟಿ ಬಂದ ಮ್ಯಾಲೆ ಬೆಂಗಳೂರಿನ ಆದೇಶ. ಯಾವ ರೋಗಕ್ಕ ಜಗತ್ತು ಗಮನ ಕೊಡ್ತೈತಿ, ಯಾವುದಕ್ಕ ಕೊಡೂದಿಲ್ಲ, ಯಾರು ತೀರ್ಮಾನ ಮಾಡ್ತಾರ ಅನ್ನೋದು ಹೆಲ್ತ್ ಪಾಲಿಸಿ ಪೇಪರಿನ ತಿರುಳು. ರಾತ್ರಿ ಕರೆಂಟಿನ ವೇಳಾಪಟ್ಟಿ ಬದಲಾದ್ರ ಹಾವು ಕಡಿತ ಎಷ್ಟು ಇಳೀತೈತಿ ಅಂತ ಯಾರಾದ್ರೂ ಹಾವೇರಿ ಹುಡುಗ್ರ ಡಿಸರ್ಟೇಶನ್ ಮಾಡಿದ್ರ ನಾನು ಮೊದ್ಲ ಓದ್ತೇನಿ.

ಈಗ ಆ ಹಳೇ ಮಾತಿಗೆ. ಡೇಟಾ ನಮ್ದು, ಹೆಸರು ಅವ್ರದ್ದು ಅನ್ನೋ ಸಿಟ್ಟು ಈ ಫೀಲ್ಡಿನ್ಯಾಗ ಕಳೆದ ಹತ್ತು ವರ್ಷದಾಗ ದೊಡ್ಡ ಚರ್ಚೆ ಆಗೇತಿ, ಡೀಕಾಲನೈಸಿಂಗ್ ಗ್ಲೋಬಲ್ ಹೆಲ್ತ್ ಅಂತ, ಅಂದ್ರ ಈ ವಿಷಯದಾಗಿನ ವಸಾಹತುಶಾಹಿ ಬುದ್ಧಿ ಬಿಡಿಸೂದು. ಹಾರಿ ಬಂದು ರಕ್ತದ ಸ್ಯಾಂಪಲ್ ತೊಗೊಂಡು ಹಾರಿ ಹೋಗೋ ರಿಸರ್ಚು, ಮನಿಮನಿ ಅಡ್ಡಾಡಿದ ಸರ್ವೆ ಹುಡುಗ್ಯಾರ ಹೆಸರು ಎಲ್ಲೂ ಇಲ್ಲದ ಪೇಪರು, ಆಫ್ರಿಕಾದ ಆರೋಗ್ಯದ ಮೀಟಿಂಗು ಜಿನೀವಾದಾಗ ಇಟ್ಟು ಆಫ್ರಿಕಾದವ್ರಿಗೇ ವೀಸಾ ಸಿಗದಿರೂದು. ತಮಾಷೆ ಏನಂದ್ರ ಈ ಚರ್ಚೆನೂ ಈಗ ಒಂದು ಮಾಡ್ಯೂಲ್, ಅದಕ್ಕೂ ಪೌಂಡಿನ್ಯಾಗ ಫೀ. ಆದ್ರ ಬರೇ ಪರದೇಶದವ್ರನ್ನ ಬೈದ್ರ ಆಗೂದಿಲ್ಲ, ನಮ್ಮೊಳಗೂ ಅದ ಐತಿ. 2022ರ ಮೇದಾಗ ಡಬ್ಲ್ಯೂಎಚ್‌ಒ ಭಾರತದ ಆಶಾ ಕಾರ್ಯಕರ್ತೆಯರಿಗೆ ಗ್ಲೋಬಲ್ ಹೆಲ್ತ್ ಲೀಡರ್ಸ್ ಪ್ರಶಸ್ತಿ ಕೊಡ್ತು, ಎಲ್ಲಾರೂ ಫೋಟೋ ಹಾಕಿ ಅಭಿನಂದನೆ ಹೇಳಿದ್ರು. 2025ರ ಜನವರ್ಯಾಗ ಅದ ಆಶಾಗಳು ಚಳ್ಯಾಗ ಬೆಂಗಳೂರಿನ ಫ್ರೀಡಂ ಪಾರ್ಕಿನ್ಯಾಗ ಕುಂತಿದ್ರು, ತಿಂಗಳಿಗೆ ನಿಶ್ಚಿತ ಗೌರವಧನ ಕೊಡ್ರಿ ಅಂತ, ಸರ್ಕಾರ 10,000ದ ಭರವಸೆ ಕೊಟ್ಟ ಮ್ಯಾಲೆ ಎದ್ರು. ಲೀಡರ್‌ಗಳಿಗೆ ಪಗಾರ ಇಲ್ಲ, ಗೌರವಧನ! ಈ ಸಂಬಂಧ ತಿಳೀಬೇಕಂದ್ರ ಓದೂದು ಬೇಕು, ಅದಕ್ಕ ನಾನು ಕೋರ್ಸಿನ ವಿರುದ್ಧ ಇಲ್ಲ.

ಆದ್ರ ರೊಕ್ಕದ ಮಾತು ಬಂದಾಗ ಚಿತ್ರ ಬ್ಯಾರೆ. 2025ರ ಜನವರಿ 20ಕ್ಕ ಟ್ರಂಪ್ ಅಧಿಕಾರಕ್ಕ ಬಂದ ದಿವಸನ ಅಮೆರಿಕ ಡಬ್ಲ್ಯೂಎಚ್‌ಒ ಬಿಡ್ತೈತಿ ಅಂತ ಸಹಿ ಹಾಕಿದ್ರು, ಮಾರ್ಚಿನ್ಯಾಗ ಪರದೇಶಗಳಿಗೆ ನೆರವು ಕೊಡೋ ಅಮೆರಿಕದ ಸಂಸ್ಥೆ ಯುಎಸ್‌ಏಡ್‌ನ 83% ಕಾರ್ಯಕ್ರಮ ರದ್ದು ಅಂತ ವಿದೇಶಾಂಗ ಮಂತ್ರಿ ರೂಬಿಯೋ ಹೇಳಿದ್ರು, ಜುಲೈ 1ಕ್ಕ ಆ ಸಂಸ್ಥೆನ ಬಾಗಿಲು ಹಾಕ್ತು. ಅದರ ಪೆಟ್ಟು ಎಲ್ಲಿಗೆ ಬಿತ್ತು ನೋಡ್ರಿ: ಈ ವಿಷಯದಾಗ ಜಗತ್ತಿನ ದೊಡ್ಡ ಹೆಸರು ಅಮೆರಿಕದ ಜಾನ್ಸ್ ಹಾಪ್ಕಿನ್ಸ್ ಯೂನಿವರ್ಸಿಟಿ, ಅಲ್ಲೇ 2,000ಕ್ಕೂ ಹೆಚ್ಚು ಕೆಲಸ ಹೋದ್ವು, ಅವುಗಳ ಪೈಕಿ ಭಾಳಷ್ಟು ಅಮೆರಿಕದ ಹೊರಗ ಬ್ಯಾರೆ ಬ್ಯಾರೆ ದೇಶದಾಗ ಇದ್ದ ಕೆಲಸ. ಬ್ರಿಟನ್ ತನ್ನ ನೆರವಿನ ಬಜೆಟ್ಟನ್ನ ರಾಷ್ಟ್ರೀಯ ಆದಾಯದ 0.5%ದಿಂದ 2027ರೊಳಗ 0.3%ಕ್ಕ ಇಳಸ್ತೇನಿ ಅಂತು. ಡಬ್ಲ್ಯೂಎಚ್‌ಒ 2026-27ರ ಬಜೆಟ್ 530 ಕೋಟಿ ಡಾಲರ್ ಅಂತ ಇಟ್ಟದ್ದನ್ನ 420 ಕೋಟಿಗೆ ಕತ್ತರಿಸ್ತು, ತನ್ನ ಮಂದಿನ ತಾನ ಮನಿಗೆ ಕಳಿಸಾಕತ್ತು. ಅಮೆರಿಕದ ರೊಕ್ಕದಾಗ ಹಲವು ದೇಶಗಳಾಗ ಮನಿಮನಿಗೆ ಹೋಗಿ ಮಾಡೋ ಡಿಎಚ್‌ಎಸ್ ಅನ್ನೋ ಆರೋಗ್ಯ ಸರ್ವೆ ಐತಿ, ನಮ್ಮ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ (ಎನ್‌ಎಫ್‌ಎಚ್‌ಎಸ್) ಡೇಟಾನೂ ಅವ್ರ ವೆಬ್‌ಸೈಟಿನ್ಯಾಗ ಸಿಗ್ತಿತ್ತು, ಸಾವಿರಾರು ಸ್ಟೂಡೆಂಟ್‌ಗಳ ಡಿಸರ್ಟೇಶನ್ ಅದರ ಮ್ಯಾಲೆನ ನಡೀತಿತ್ತು, ಅದಕ್ಕೂ 2025ರ ಫೆಬ್ರವರ್ಯಾಗ ರೊಕ್ಕ ನಿಂತ್ತು, ಗೇಟ್ಸ್ ಫೌಂಡೇಶನ್ ಸ್ವಲ್ಪ ದಿವಸದ ಮಟ್ಟಿಗೆ ಕೈ ಹಿಡೀತು. ಅದ ಫೌಂಡೇಶನ್ನೂ 2045ಕ್ಕ ತಾನು ಮುಚ್ಚತೇನಿ ಅಂತ ಹೇಳಿಬಿಟ್ಟೈತಿ.

ಇದರ ಅರ್ಥ ಕೆಲಸ ಹುಡುಕೋ ಹುಡುಗನಿಗೆ ಏನು? ಹದಿನೈದು ವರ್ಷ ಅನುಭವ ಇದ್ದವ್ರು, ನಾಕ ಭಾಷಾ ಬಲ್ಲವ್ರು, ಎರಡೆರಡು ಯುದ್ಧದ ಊರಾಗ ಲಸಿಕೆ ಹಾಕಿಸಿ ಬಂದವ್ರು ಈಗ ಕೆಲಸ ಹುಡುಕಾಕತ್ತಾರ. ಹೊಸಾ ಎಂಎಸ್ಸಿ ಸರ್ಟಿಫಿಕೇಟ್ ಹಿಡಕೊಂಡು ಅವ್ರ ಸಾಲಿನ್ಯಾಗ ಹೋಗಿ ನಿಲ್ಲೂದು. ಡಬ್ಲ್ಯೂಎಚ್‌ಒದಾಗ ಓಪನಿಂಗ್ ಐತಿ ಅನ್ನೋ ಏಜೆಂಟನಿಗೆ ಯಾವ ಪೋಸ್ಟು, ಯಾವ ಗ್ರೇಡು, ಎಷ್ಟು ವರ್ಷ ಅನುಭವ ಕೇಳ್ಯಾರ ಅಂತ ಒಂದ ಪ್ರಶ್ನೆ ಕೇಳ್ರಿ, ಸಾಕು, ಚಹಾ ತರಸ್ತಾರ.

ಇನ್ನ ಸಾಲ. ಬ್ರಿಟನ್ನಿನ ಹೆಸರಾಂತ ಯೂನಿವರ್ಸಿಟಿಗಳಾಗ ಪರದೇಶದವ್ರಿಗೆ ಫೀ ಸಾಮಾನ್ಯವಾಗಿ 25ರಿಂದ 35 ಸಾವಿರ ಪೌಂಡ್, ಇರೋ ಖರ್ಚು ಬ್ಯಾರೆ, ವೀಸಾದ ಜೋಡಿ ಆರೋಗ್ಯದ ಸರ್‌ಚಾರ್ಜ್ ವರ್ಷಕ್ಕ 776 ಪೌಂಡ್ ಬ್ಯಾರೆ. ಮನಿಯವ್ರು ಒಂದಿಷ್ಟು ಹಾಕಿದ್ರೂ 40 ಲಕ್ಷ ಸಾಲ ಅಂತ ಇಟ್ಕೋರಿ, 11% ಬಡ್ಡಿ, 10 ವರ್ಷ, ಕಂತು ತಿಂಗಳಿಗೆ ಸುಮಾರು 55,000. ಓದೋ ವರ್ಷದ ಬಡ್ಡಿ ಕೂಡಿದ್ರ ಇನ್ನೂ ಜಾಸ್ತಿ. ಈಗ ಇಲ್ಲಿ ಬಂದು ಐಸಿಎಂಆರ್ (ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ) ಪ್ರಾಜೆಕ್ಟಿನ್ಯಾಗ ಪ್ರಾಜೆಕ್ಟ್ ರಿಸರ್ಚ್ ಸೈಂಟಿಸ್ಟ್-1 ಅಂತ ಸೇರಿದ್ರಿ ಅನ್ನೋಣ, ನಾನ್-ಮೆಡಿಕಲ್ ವಿಭಾಗದಾಗ ಆ ಪೋಸ್ಟಿನ ಪಗಾರ 56,000, ಮ್ಯಾಲೆ ಎಚ್‌ಆರ್‌ಎ (ಮನಿ ಬಾಡಿಗಿ ಭತ್ಯೆ). ಅಂದ್ರ ಎಚ್‌ಆರ್‌ಎದಾಗ ಉಣ್ಣಬೇಕು. ಅಲ್ಲೇ ಇದ್ದು ದುಡದು ತೀರಸ್ತೇನಿ ಅಂದ್ರ, ಓದಿದ ಮ್ಯಾಲೆ ಇರಾಕ ಕೊಡೋ ಗ್ರಾಜುಯೇಟ್ ವೀಸಾ ಎರಡು ವರ್ಷದಿಂದ 18 ತಿಂಗಳಿಗೆ ಇಳಿಯಾಕತ್ತೈತಿ, 2027ರ ಜನವರಿ 1ರಿಂದ ಅರ್ಜಿ ಹಾಕೋರಿಗೆ. ಆಮ್ಯಾಲೆ ಸ್ಕಿಲ್ಡ್ ವರ್ಕರ್ ವೀಸಾ ಬೇಕಂದ್ರ ಸಾಮಾನ್ಯ ಪಗಾರದ ಮಿತಿ 41,700 ಪೌಂಡ್, ಈ ಫೀಲ್ಡಿನ ಮೊದಲ ಕೆಲಸಕ್ಕ ಅಷ್ಟು ಕೊಡೋರು ಕಮ್ಮಿ. ಲಗ್ನ ಆದವ್ರಿಗೆ ಇನ್ನೊಂದು, 2024ರ ಜನವರಿಯಿಂದ ಮಾಸ್ಟರ್ಸ್ ಸ್ಟೂಡೆಂಟ್ ಗಂಡನ್ನ, ಹೆಂಡ್ತಿನ್ನ, ಮಕ್ಕಳನ್ನ ಕರಕೊಂಡು ಹೋಗಾಕ ಬರೂದಿಲ್ಲ. ಫೀ ಇಲ್ಲ ಅಂತ ನಾರ್ವೆ ಕಡೆ ನೋಡ್ತಿದ್ದವ್ರಿಗೂ 2023ರಿಂದ ಆ ಬಾಗಿಲು ಮುಚ್ಚೈತಿ, ಯುರೋಪಿನ ಹೊರಗಿನವ್ರಿಗೆ ಅಲ್ಲೂ ಈಗ ಫೀ. ಕೆಲವು ಏಜೆಂಟರು ಇನ್ನೂ ಹಳೇ ರೂಲ್ಸಿನ ಪಾಂಪ್ಲೆಟ್ಟ ಕೊಡಾಕತ್ತಾರ, ನೋಡಿಕೊಂಡು ತೊಗೋರಿ.

ಹಂಗಾದ್ರ ಇಲ್ಲೇನೈತಿ? ಭಾಳ ಐತಿ. ದೇಶದ ಮೊದಲ ಎಂಪಿಎಚ್ (ಪಬ್ಲಿಕ್ ಹೆಲ್ತ್ ಮಾಸ್ಟರ್ಸ್, ಹೆಚ್ಚುಕಮ್ಮಿ ಇದ ವಿಷಯ) ಕೋರ್ಸು 1997ರಾಗ ತಿರುವನಂತಪುರದ ಶ್ರೀ ಚಿತ್ರಾ ಸಂಸ್ಥೆಯ ಅಚ್ಯುತ ಮೆನನ್ ಸೆಂಟರಿನ್ಯಾಗ ಶುರು ಆತು, ಈಗೂ ಒಳ್ಳೆ ಹೆಸರು ಐತಿ. ಮುಂಬೈನ ಟಾಟಾ ಸಮಾಜ ವಿಜ್ಞಾನ ಸಂಸ್ಥೆ (ಟಿಸ್), ಚೆನ್ನೈನ ಐಸಿಎಂಆರ್ ಎಪಿಡೆಮಿಯಾಲಜಿ ಸಂಸ್ಥೆ, ಮಣಿಪಾಲ, ಬೆಂಗಳೂರಿನ ಇಂಡಿಯನ್ ಇನ್‌ಸ್ಟಿಟ್ಯೂಟ್ ಆಫ್ ಪಬ್ಲಿಕ್ ಹೆಲ್ತ್, ಬೆಳಗಾವಿ ಕೆಎಲ್‌ಇ ಅದಾವ. ಗದಗ ಪಕ್ಕದ ನಾಗಾವಿಯ ಗ್ರಾಮೀಣಾಭಿವೃದ್ಧಿ ಮತ್ತು ಪಂಚಾಯತ್ ರಾಜ್ ವಿಶ್ವವಿದ್ಯಾಲಯದಾಗೂ ಎಂಪಿಎಚ್ ಐತಿ, ಅಲ್ಲಿಂದ ಬಸ್ ಹತ್ತಿ ಮುಂಡರಗಿ ಕಡೆ ಹೋದ್ರ ಬೋರ್‌ವೆಲ್ ನೀರಿನ ಫ್ಲೋರೈಡ್‌ನಿಂದ ಹಲ್ಲು ಕಂದಾದ ಮಂದಿ ಕಾಣ್ತಾರ, ಫೀಲ್ಡ್‌ವರ್ಕಿಗೆ ಪ್ಲೇನ್ ಟಿಕೆಟ್ ಬೇಕಾಗಿಲ್ಲ. ಎಂಬಿಬಿಎಸ್ ಆದವ್ರಿಗೆ ನಾನು ಒತ್ತಿ ಹೇಳೂದು, ಹುಬ್ಬಳ್ಳಿ ಕೆಎಂಸಿ-ಆರ್‌ಐ (ಮೊದಲಿನ ಕಿಮ್ಸ್) ಅಂಥ ಸರ್ಕಾರಿ ಕಾಲೇಜಿನ್ಯಾಗ ಕಮ್ಯೂನಿಟಿ ಮೆಡಿಸಿನ್ ಎಂಡಿ ಮೂರು ವರ್ಷ, ಮ್ಯಾಲೆ ಸ್ಟೈಪೆಂಡ್ ಕೊಡ್ತಾರ. ಮೆಡಿಕಲ್ ಕಾಲೇಜಿನ್ಯಾಗ ಮುಂದ ಪ್ರೊಫೆಸರ್ ಆಗೂದಿದ್ರ ಎಂಡಿನ ಬೇಕು, ಪರದೇಶದ ಎಂಪಿಎಚ್ ಆ ಜಾಗಾ ತುಂಬೂದಿಲ್ಲ. ಕಮ್ಯೂನಿಟಿ ಮೆಡಿಸಿನ್ ಸಿಕ್ತು ಅಂತ ಮಾರಿ ಸಣ್ಣ ಮಾಡಿಕೊಂಡು ಸೀಟ್ ಬಿಟ್ಟು, ಅದ ವಿಷಯ ಓದಾಕ ಲಂಡನ್ನಿಗೆ ಸಾಲ ಮಾಡಿ ಹೋಗೋರನ್ನ ಕಂಡ್ರ ನನಗ ತಲಿ ಕೆಡ್ತೈತಿ.

ಇಲ್ಲಿನ ಕೋರ್ಸುಗಳೆಲ್ಲಾ ಚಿನ್ನ ಅಂತ ಹೇಳಾಕತ್ತಿಲ್ಲ. ಎಷ್ಟೋ ಕಡೆ ಸ್ಟ್ಯಾಟಿಸ್ಟಿಕ್ಸು ಬೋರ್ಡಿನ ಮ್ಯಾಲೆ ಫಾರ್ಮುಲಾ ಬರ್ದು ಮುಗಿಸ್ತಾರ, ಕಂಪ್ಯೂಟರಿನ್ಯಾಗ ಆರ್ ಅಥವಾ ಸ್ಟಾಟಾ ಅನ್ನೋ ಅಂಕಿಸಂಖ್ಯೆ ಸಾಫ್ಟ್‌ವೇರ್ ತಗದು ಖರೇ ಡೇಟಾ ಮುಟ್ಟಿಸೂದಿಲ್ಲ. ಇಲ್ಲಿ ಮಾಡಿದ್ರ ಸಿಗೋ ಕೆಲಸನೂ ಹೆಚ್ಚಿನವು ಎನ್‌ಎಚ್‌ಎಂ (ರಾಷ್ಟ್ರೀಯ ಆರೋಗ್ಯ ಮಿಷನ್) ಕಾಂಟ್ರ್ಯಾಕ್ಟ್, ವರ್ಷಕ್ಕೊಮ್ಮೆ ರಿನ್ಯೂವಲ್ಲಿನ ಚಿಂತಿ. ಪ್ರತಿ ರಾಜ್ಯದಾಗ ಪಬ್ಲಿಕ್ ಹೆಲ್ತಿಗೆ ಪ್ರತ್ಯೇಕ ಕೇಡರ್ (ನೌಕರ ವರ್ಗ) ಮಾಡಬೇಕು ಅಂತ 2017ರ ರಾಷ್ಟ್ರೀಯ ಆರೋಗ್ಯ ನೀತಿ ಹೇಳೇತಿ, ಅದು ಗಟ್ಟಿಯಾಗಿ ಬಂದ್ರ ಈ ಡಿಗ್ರಿಗಳಿಗೆ ಊರಾಗ ಬೆಲಿ ಬರ್ತೈತಿ. ಆದ್ರ ಇಲ್ಲಿ ಓದಿ ತಪ್ಪಾತು ಅನ್ನಿಸಿದ್ರ ಹೋಗೂದು ಎರಡು ವರ್ಷ, ಅಲ್ಲಿ ತಪ್ಪಾದ್ರ ಹೋಗೂದು ಅಪ್ಪನ ಹೊಲ.

ಹಂಗಾದ್ರ ಹೊರಗ ಹೋಗಬೇಕಾದವ್ರು ಯಾರು? ಒಂದೆರಡು ವರ್ಷ ಇಲ್ಲಿ ಟಿಬಿ ಪ್ರೋಗ್ರಾಂದಾಗೋ, ಸಿಎಚ್‌ಒ (ಸಮುದಾಯ ಆರೋಗ್ಯ ಅಧಿಕಾರಿ) ಆಗಿಯೋ, ಯಾವುದರ ಸರ್ವೆದಾಗೋ ಕೆಲಸ ಮಾಡಿ ಒಂದು ಪ್ರಶ್ನೆ ತಲ್ಯಾಗ ಹೊಕ್ಕವ್ರು. ಜಗತ್ತಿನ ಟಿಬಿ ಕೇಸುಗಳಾಗ ನಾಕರಾಗ ಒಂದು ಭಾರತದಾಗ ಐತಿ, ಗುಳಿಗಿ ಪುಕ್ಕಟೆ ಐತಿ, ಆದ್ರೂ ಸೀಜನ್ನಿಗೆ ಗೋವಾಕ್ಕ ದುಡಿಯಾಕ ಹೋಗೋ ನಮ್ಮ ಕಡಿ ಮಂದಿ ಗುಳಿಗಿ ಕೋರ್ಸು ನಡುವೆ ಬಿಡ್ತಾರಲ್ಲ ಯಾಕ, ಊರಿನ ಆಶಾ ಪಟ್ಟಿಯಿಂದ ಹೆಸರು ಹೋದ್ರ ಅಲ್ಲಿನ ಪಟ್ಟಿಗೆ ಯಾರು ಸೇರಸ್ತಾರ, ಇದನ್ನ ಕಣ್ಣಿಲೆ ಕಂಡವ್ರಿಗೆ ಪೆರು ದೇಶದ ಕ್ಲಾಸ್‌ಮೇಟು ತನ್ನ ಗಣಿ ಕಾರ್ಮಿಕರ ಕಥಿ ಹೇಳಿದಾಗ ಕಿವಿ ನೆಟ್ಟಗಾಗ್ತೈತಿ. ಕೋರ್ಸಿನ ಖರೇ ಲಾಭ ಅದ, ನಲ್ವತ್ತು ದೇಶದವ್ರ ಜೋಡಿ ಕುಂತು ತನ್ನ ಊರಿನ ಸಮಸ್ಯೆ ಎಷ್ಟು ತನ್ನ ಊರಿಂದು, ಎಷ್ಟು ಜಗತ್ತಿಂದು ಅಂತ ಬೇರ್ಪಡಿಸಾಕ ಕಲಿಯೂದು. ಏನೂ ಕಾಣದ ಹೋದವ್ರು ಪಿಪಿಟಿ ತೊಗೊಂಡು ಬರ್ತಾರ.

ಆ ಎರಡು ವರ್ಷದ ಕೆಲಸ ಬರೇ ನನ್ನ ಹಟ ಅಲ್ಲ, ಸ್ಕಾಲರ್‌ಶಿಪ್‌ಗಳೂ ಅದನ್ನ ಕೇಳ್ತಾವ. ಬ್ರಿಟನ್ ಸರ್ಕಾರದ ಚೀವ್ನಿಂಗ್ ಸ್ಕಾಲರ್‌ಶಿಪ್‌ಗೆ ಅರ್ಜಿ ಹಾಕಾಕ 2,800 ತಾಸಿನ ಕೆಲಸದ ಅನುಭವ ಬೇಕ ಬೇಕು, ಮುಗದ ಮ್ಯಾಲೆ ಎರಡು ವರ್ಷ ವಾಪಸ್ ದೇಶಕ್ಕ ಬಂದಿರಬೇಕು. ಕಾಮನ್‌ವೆಲ್ತ್ ಶೇರ್ಡ್ ಸ್ಕಾಲರ್‌ಶಿಪ್ ಇರೂದ ಸ್ವಂತ ರೊಕ್ಕದಾಗ ಹೋಗಾಕ ಆಗದವ್ರಿಗೆ. ಎಸ್‌ಸಿ, ಎಸ್‌ಟಿ ಹುಡುಗ್ರಿಗೆ ರಾಜ್ಯದ ಪ್ರಬುದ್ಧ ಯೋಜನೆ, ಕೇಂದ್ರದ ನ್ಯಾಷನಲ್ ಓವರ್‌ಸೀಸ್ ಸ್ಕಾಲರ್‌ಶಿಪ್ ಅದಾವ. ಡಬ್ಲ್ಯೂಎಚ್‌ಒದ ಟಿಡಿಆರ್ ಅನ್ನೋ ವಿಭಾಗ ಇಂಪ್ಲಿಮೆಂಟೇಶನ್ ರಿಸರ್ಚ್ (ಯೋಜನೆ ನೆಲದ ಮ್ಯಾಲೆ ಹೆಂಗ ನಡೀತೈತಿ ಅನ್ನೋ ಸಂಶೋಧನೆ) ಓದಾಕ ಸ್ಕಾಲರ್‌ಶಿಪ್ ಕೊಡ್ತಾ ಬಂದೈತಿ, ಅದೂ ಢಾಕಾದ ಬ್ರ್ಯಾಕ್ ಯೂನಿವರ್ಸಿಟಿ, ಘಾನಾ, ಇಂಡೋನೇಷ್ಯಾದಂಥ ಕಡೆ. ಢಾಕಾ ಅಂದ ಕೂಡ್ಲೆ ಮನಿಯವ್ರು ಮೂಗು ಮುರೀತಾರ, ಆದ್ರ ಉಪ್ಪು-ಸಕ್ಕರಿ ನೀರಿನ ಓಆರ್‌ಎಸ್ ಜಗತ್ತಿಗೆ ಹೋದದ್ದ ಢಾಕಾ, ಕಲ್ಕತ್ತಾದ ಕಾಲರಾ ವಾರ್ಡುಗಳಿಂದ.

ಆಫರ್ ಲೆಟರ್ ಬಂದ ಮ್ಯಾಲೆ ಡಿಪಾಸಿಟ್ ಕಟ್ಟೋಕಿಂತ ಮೊದ್ಲ ಯೂನಿವರ್ಸಿಟಿಗೆ ಸೀದಾ ಒಂದು ಇಮೇಲ್ ಹಾಕ್ರಿ, ಏಜೆಂಟನ ಮೂಲಕ ಬ್ಯಾಡ. ಡಿಸರ್ಟೇಶನ್ ನಮ್ಮ ಜಿಲ್ಲಾದಾಗ ಮಾಡಾಕ ಬಿಡ್ತಾರನ, ಹೊಸಾ ಡೇಟಾ ತಗಿಯಾಕ ಎಥಿಕ್ಸ್ ಕಮಿಟಿ ಪರವಾನಗಿಗೆ ಎಷ್ಟು ತಿಂಗಳು ಹಿಡೀತೈತಿ, ಒಂದ ವರ್ಷದ ಕೋರ್ಸಿನ್ಯಾಗ ಅದು ಹಿಡಸ್ತೈತನ, ಸ್ಟ್ಯಾಟಿಸ್ಟಿಕ್ಸ್ ಕಡ್ಡಾಯನೋ ಬೇಕಾದ್ರ ತೊಗೊಳ್ಳೂದೋ, ಹೋದ ವರ್ಷ ಮುಗಿಸಿದವ್ರು ಈಗ ಎಲ್ಲಿ ಅದಾರ. ಸ್ಟ್ಯಾಟಿಸ್ಟಿಕ್ಸ್ ಕಡ್ಡಾಯ ಇಲ್ಲದ ಗ್ಲೋಬಲ್ ಹೆಲ್ತ್ ಕೋರ್ಸುಗಳೂ ಅದಾವ, ಎಸ್ಸೆ ಬರ್ದು ಪಾಸ್ ಆಗಬಹುದು, ಆದ್ರ ಇಲ್ಲಿ ವಾಪಸ್ ಬಂದು ಕೆಲಸ ಕೇಳಾಕ ಹೋದಾಗ ಮೊದ್ಲ ಕೇಳೂದ ಸ್ಟಾಟಾ ಬರ್ತೈತನ ಅಂತ. ಚೀವ್ನಿಂಗ್ ಅರ್ಜಿ ಸಾಮಾನ್ಯವಾಗಿ ಆಗಸ್ಟಿನ್ಯಾಗ ತೆರದು ಅಕ್ಟೋಬರಿನ್ಯಾಗ ಮುಚ್ಚತೈತಿ. ಈ ವರ್ಷ 2,800 ತಾಸು ಆಗಿಲ್ಲಂದ್ರ ಅರ್ಜಿ ಹಾಕೂದು ಬ್ಯಾಡ, ತಾಸು ತುಂಬಿಸ್ರಿ.